ಯಂತ್ರ ನಮ್ಮದು, ಬೀಗದ ಕೈ ಯಾರದು?

ಕಳೆದ ಡಿಸೆಂಬರ್ ರಜೆಯಲ್ಲಿ ಊರಿಗೆ ಹೊರಟಾಗ ನಮ್ಮ ಪೆಟ್ಟಿಗೆಗಳಲ್ಲಿ ಎಂದಿನ ಚಾಕೊಲೇಟು, ಬಾದಾಮಿ, ವಿಟಮಿನ್ ಮಾತ್ರೆಗಳ ಜೊತೆಗೆ ಮೂರು ಹಳೆಯ ಲ್ಯಾಪ್‌ಟಾಪ್‌ಗಳೂ ಇದ್ದವು. ನಾನು, ನನ್ನಾಕೆ, ಕಾಲೇಜಿಗೆ ಹೋಗುವ ಮಗಳು, ಕಸ್ಟಮ್ಸ್‌ನವರ ಲೆಕ್ಕದಲ್ಲಿ ತಲೆಗೊಂದು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿತ್ತು. ವಿಂಡೋಸ್ 11 ಹಾಕೋಣವೆಂದರೆ ಈ ಯಂತ್ರಗಳಿಗೆ ಅದರ ಅರ್ಹತೆಯಿಲ್ಲ. ಕೀಲಿಮಣೆ ಚೆನ್ನಾಗಿದೆ, ಪರದೆ ಚೆನ್ನಾಗಿದೆ, ಬ್ಯಾಟರಿ ಎರಡು ಗಂಟೆ ನಿಲ್ಲುತ್ತದೆ. ಇಂಥವನ್ನು ಕಸಕ್ಕೆ ಹಾಕಲು ಮನಸ್ಸು ಬರಲಿಲ್ಲ. ಮೂರಕ್ಕೂ ಲಿನಕ್ಸ್ ಹಾಕಿ ನಾನು ಓದಿದ ಶಾಲೆಗೇ ಕೊಟ್ಟುಬಿಡೋಣ ಎಂದುಕೊಂಡೆ.

ಶಾಲೆಯ ಆಫೀಸು ಕೋಣೆಯಲ್ಲಿ ಮೂರನ್ನೂ ಸಾಲಾಗಿ ಇಟ್ಟು ಲಿನಕ್ಸ್ ತುಂಬಿಸಿದೆವು. ಎರಡು ಯಂತ್ರಗಳು ಎದ್ದ ಕೂಡಲೇ ವಿಜ್ಞಾನದ ಮೇಷ್ಟ್ರ ಫೋನಿನ ಹಾಟ್‌ಸ್ಪಾಟನ್ನು ಹಿಡಿದವು. ಮೂರನೆಯದಕ್ಕೆ ವೈ-ಫೈ ಎಂಬುದು ಲೋಕದಲ್ಲಿ ಇದೆಯೆಂಬುದೇ ಗೊತ್ತಿಲ್ಲ. ಹುಡುಕಿ ನೋಡಿದರೆ, ಆ ಚಿಪ್‌ಗೆ ಕಂಪನಿಯವರದೇ ಪ್ರತ್ಯೇಕ ಡ್ರೈವರ್ ಬೇಕಂತೆ. ಅದನ್ನು ಇಂಟರ್‌ನೆಟ್‌ನಿಂದ ಇಳಿಸಿಕೊಳ್ಳಬೇಕಂತೆ. ಮಗಳು ನಕ್ಕಳು. "ಅಪ್ಪಾ, ಇಂಟರ್‌ನೆಟ್ ಬರಬೇಕಾದರೆ ಡ್ರೈವರ್ ಬೇಕು, ಡ್ರೈವರ್ ಬರಬೇಕಾದರೆ ಇಂಟರ್‌ನೆಟ್ ಬೇಕು!" ಮೇಷ್ಟ್ರು ಗಂಭೀರವಾಗಿ, "ಹುಚ್ಚು ಬಿಡದೆ ಮದುವೆಯಾಗಲ್ಲ, ಮದುವೆಯಾಗದೆ ಹುಚ್ಚು ಬಿಡಲ್ಲ ಅಂದ ಹಾಗಾಯ್ತು ಬಿಡಿ ಸಾರ್" ಎಂದರು.

ಕೊನೆಗೆ ಫೋನನ್ನೇ ತಂತಿಯಲ್ಲಿ ಲ್ಯಾಪ್‌ಟಾಪ್‌ಗೆ ಸಿಕ್ಕಿಸಿ, ಅದರ ಮೂಲಕ ಡ್ರೈವರ್ ಇಳಿಸಿ ಕೆಲಸ ಮುಗಿಸಿದೆವು. ಮುಗಿಯಿತು ಎಂದುಕೊಂಡದ್ದು ಮುಗಿದಿರಲಿಲ್ಲ. ಆ ಕತೆ ಕೊನೆಯಲ್ಲಿ ಹೇಳುತ್ತೇನೆ. ಈ ಪುಟ್ಟ ಪರದಾಟದ ಹಿಂದೆ ನಲವತ್ತು ವರ್ಷಕ್ಕೂ ಹಳೆಯ ಒಂದು ದೊಡ್ಡ ಜಗಳವಿದೆ. ದುಡ್ಡು ಕೊಟ್ಟು ಕೊಂಡ ಯಂತ್ರ ಎಷ್ಟು ದಿನ ಬದುಕಬೇಕೆಂದು ತೀರ್ಮಾನಿಸುವವರು ಯಾರು, ಕೊಂಡವರೋ ಮಾರಿದವರೋ, ಎಂಬುದು ಆ ಜಗಳದ ತಿರುಳು. ಕಂಪ್ಯೂಟರ್ ಕೆಲಸ ಮಾಡದವರಿಗೂ ಇದು ತಿಳಿದಿರಬೇಕಾದ ವಿಷಯವೆಂದು ಈ ಲೇಖನ.

ದುಭಾಷಿಯ ಕೆಲಸ

ಡ್ರೈವರ್ ಎಂದರೆ ಕಾರು ಓಡಿಸುವವನಲ್ಲ, ದುಭಾಷಿ ಎಂದು ತಿಳಿಯಿರಿ. ಊರಿನಿಂದ ಬಂದ ಅಮ್ಮನನ್ನು ಇಲ್ಲಿನ ಡಾಕ್ಟರ ಬಳಿ ಕರೆದುಕೊಂಡು ಹೋದ ಅನುಭವ ನಮ್ಮಲ್ಲಿ ಎಲ್ಲರಿಗೂ ಉಂಟು. ಅಮ್ಮ "ಮಂಡಿ ಹಿಡ್ಕೊಂಡ ಹಾಗಾಗತ್ತೆ" ಅನ್ನುತ್ತಾರೆ, ನಾವು ಅದನ್ನು ಇಂಗ್ಲಿಷಿನಲ್ಲಿ ಹೇಳುತ್ತೇವೆ. ಡಾಕ್ಟರು ಹೇಳಿದ್ದನ್ನು ಅಮ್ಮನಿಗೆ ಕನ್ನಡದಲ್ಲಿ ತಿಳಿಸುತ್ತೇವೆ. ಹಾಗೆಯೇ ಕಂಪ್ಯೂಟರಿನ ಕಾರ್ಯಾಚರಣ ವ್ಯವಸ್ಥೆಗೆ ಪ್ರಿಂಟರ್, ವೈ-ಫೈ, ಚಿತ್ರ ಮೂಡಿಸುವ ಗ್ರಾಫಿಕ್ಸ್ ಚಿಪ್ ಇವುಗಳ ಭಾಷೆ ಬರುವುದಿಲ್ಲ. ಒಂದೊಂದಕ್ಕೂ ಒಂದೊಂದು ದುಭಾಷಿ ಬೇಕು. ಲಿನಕ್ಸ್‌ನ ತಿರುಳಾದ ಕರ್ನೆಲ್‌ನಲ್ಲಿ ಇವತ್ತು ಮೂರು ಕೋಟಿಗೂ ಹೆಚ್ಚು ಸಾಲುಗಳಿವೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಈ ದುಭಾಷಿಗಳೇ.

ಮುಕ್ತ ಡ್ರೈವರ್ ಎಂದರೆ ಅದರ ಸೋರ್ಸ್ ಕೋಡ್, ಅಂದರೆ ಮನುಷ್ಯರು ಓದಿ ತಿದ್ದಬಹುದಾದ ಮೂಲ ಬರಹ, ಎಲ್ಲರಿಗೂ ಸಿಗುತ್ತದೆ. ಮುಚ್ಚಿದ ಡ್ರೈವರ್ ಎಂದರೆ ಯಂತ್ರಕ್ಕೆ ಮಾತ್ರ ಅರ್ಥವಾಗುವ ಸೊನ್ನೆ-ಒಂದುಗಳ ಮೂಟೆಯನ್ನಷ್ಟೇ ಕಂಪನಿ ಕೊಡುತ್ತದೆ. ಪುಳಿಯೋಗರೆಯ ಲೆಕ್ಕದಲ್ಲಿ ಹೇಳಬಹುದು. ಗೊಜ್ಜಿನ ಪೊಟ್ಟಣ ತಂದರೆ ಐದು ನಿಮಿಷದಲ್ಲಿ ಊಟ ಸಿದ್ಧ, ರುಚಿಯೂ ಚೆನ್ನಾಗಿರಬಹುದು. ಆದರೆ ಅಂಗಡಿಯವನು ಆ ಪೊಟ್ಟಣ ತರಿಸುವುದನ್ನು ನಿಲ್ಲಿಸಿದ ದಿನ ನಮ್ಮ ಮನೆಯ ಪುಳಿಯೋಗರೆಯೂ ನಿಂತಿತು. ಅಜ್ಜಿಯ ಅಳತೆ ಗೊತ್ತಿದ್ದರೆ, ಬ್ಯಾಡಗಿ ಮೆಣಸಿನಕಾಯಿ ಸಿಗದ ಊರಿನಲ್ಲೂ ಸಿಕ್ಕಿದ್ದರಲ್ಲಿ ಹೊಂದಿಸಿಕೊಂಡು ಮಾಡಬಹುದು.

ಒಂದು ಪ್ರಿಂಟರ್ ಹುಟ್ಟಿಸಿದ ಜಗಳ

ಈ ಜಗಳದ ಮೊದಲ ಕಿಡಿ ಲಿನಕ್ಸ್ ಹುಟ್ಟುವುದಕ್ಕಿಂತ ಹತ್ತು ವರ್ಷ ಮೊದಲೇ ಹಾರಿತ್ತು. 1980ರ ಸುಮಾರಿಗೆ ಎಂ.ಐ.ಟಿ.ಯ ಕೃತಕ ಬುದ್ಧಿಮತ್ತೆಯ ಪ್ರಯೋಗಾಲಯಕ್ಕೆ ಜೆರಾಕ್ಸ್ ಕಂಪನಿ ಒಂದು ಲೇಸರ್ ಪ್ರಿಂಟರನ್ನು ಕೊಡುಗೆಯಾಗಿ ಕೊಟ್ಟಿತು. ಅಲ್ಲಿದ್ದ ಹಳೆಯ ಪ್ರಿಂಟರಿನ ತಂತ್ರಾಂಶವನ್ನು ರಿಚರ್ಡ್ ಸ್ಟಾಲ್‌ಮನ್ ಎಂಬ ತರುಣ ತಿದ್ದಿದ್ದರು. ಕಾಗದ ಸಿಕ್ಕಿಕೊಂಡರೆ, ಮುದ್ರಣಕ್ಕೆ ಕಾಯುತ್ತಿದ್ದವರಿಗೆಲ್ಲ ಸಂದೇಶ ಹೋಗುತ್ತಿತ್ತು. ಯಾರಾದರೊಬ್ಬರು ಹೋಗಿ ಬಿಡಿಸುತ್ತಿದ್ದರು. ಹೊಸ ಪ್ರಿಂಟರಿಗೂ ಹಾಗೇ ಮಾಡೋಣವೆಂದರೆ ಸೋರ್ಸ್ ಕೋಡ್ ಇಲ್ಲ. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಒಬ್ಬ ಸಂಶೋಧಕರ ಬಳಿ ಅದು ಇದೆಯೆಂದು ತಿಳಿದು ಅಲ್ಲಿಗೇ ಹೋಗಿ ಕೇಳಿದರು. ಯಾರಿಗೂ ಕೊಡುವುದಿಲ್ಲವೆಂದು ಕಂಪನಿಗೆ ಬರೆದುಕೊಟ್ಟಿದ್ದೇನೆ ಎಂಬ ಉತ್ತರ ಬಂತು.

ಕಾಗದ ಸಿಕ್ಕಿಕೊಂಡ ಕಾರಣಕ್ಕೆ ಒಬ್ಬ ಮನುಷ್ಯ ತನ್ನ ಬದುಕಿನ ದಾರಿಯನ್ನೇ ಬದಲಿಸಿಕೊಳ್ಳುವುದು ವಿಚಿತ್ರವಾಗಿ ಕಾಣಬಹುದು. ಆದರೆ ಸ್ಟಾಲ್‌ಮನ್ ಆ ದಿನವನ್ನು ಮರೆಯಲಿಲ್ಲ. 1983ರಲ್ಲಿ ಗ್ನೂ ಯೋಜನೆಯನ್ನು ಸಾರಿದರು, 1985ರಲ್ಲಿ ಫ್ರೀ ಸಾಫ್ಟ್‌ವೇರ್ ಫೌಂಡೇಶನ್ ಸ್ಥಾಪಿಸಿದರು. ಅವರು ರೂಪಿಸಿದ ಜಿ.ಪಿ.ಎಲ್. ಎಂಬ ಪರವಾನಗಿಯ ಸಾರ ಇಷ್ಟು: ಈ ತಂತ್ರಾಂಶವನ್ನು ಯಾರು ಬೇಕಾದರೂ ತಿದ್ದಬಹುದು, ಹಂಚಬಹುದು; ಆದರೆ ತಿದ್ದಿ ಹಂಚುವವರು ತಮ್ಮ ತಿದ್ದುಪಡಿಯ ಮೂಲವನ್ನೂ ಅದೇ ಷರತ್ತಿನಲ್ಲಿ ಕೊಡಬೇಕು. 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲೀನಸ್ ಟೊರ್ವಾಲ್ಡ್ಸ್ ಲಿನಕ್ಸ್ ಕರ್ನೆಲ್ ಬರೆದರು. ಮರುವರ್ಷ ಅದನ್ನು ಇದೇ ಪರವಾನಗಿಯ ಕೆಳಗೆ ತಂದರು. ಅಲ್ಲಿಂದ ಪ್ರಶ್ನೆ ಗಟ್ಟಿಯಾಯಿತು. ಮುಕ್ತವಾದ ಈ ಕರ್ನೆಲ್‌ನ ಒಳಗೆ ಮುಚ್ಚಿದ ಡ್ರೈವರನ್ನು ಕೂಡಿಸಬಹುದೇ?

ಕಂಪನಿಗಳು ಹೇಳುವುದು

ಇಲ್ಲಿ ನನ್ನದೊಂದು ತಪ್ಪೊಪ್ಪಿಗೆ ಇದೆ. ಬಹಳ ವರ್ಷಗಳ ಹಿಂದೆ ನಾನೂ ಒಂದು ಕಂಪನಿಯಲ್ಲಿ ಮುಚ್ಚಿದ ಡ್ರೈವರ್ ಬರೆಯುತ್ತಿದ್ದ ತಂಡದಲ್ಲಿದ್ದೆ. ನಾವು ಯಾರೂ ದುಷ್ಟರಾಗಿರಲಿಲ್ಲ. ಸೋರ್ಸ್ ಕೋಡ್ ಬಿಟ್ಟುಕೊಡೋಣವೇ ಎಂದು ಸಭೆಯಲ್ಲಿ ಕೇಳಿದಾಗ ವಕೀಲರು ಮುಂದಿಟ್ಟ ಕಾರಣಗಳು ಸುಳ್ಳೂ ಆಗಿರಲಿಲ್ಲ.

ಮೊದಲನೆಯದು, ಆ ಕೋಡಿನಲ್ಲಿ ಬೇರೆ ಕಂಪನಿಯಿಂದ ಪರವಾನಗಿ ಪಡೆದು ಸೇರಿಸಿದ ಭಾಗಗಳಿದ್ದವು. ಅವನ್ನು ಹಂಚುವ ಹಕ್ಕು ನಮಗಿರಲಿಲ್ಲ. ಎರಡನೆಯದು ಪೇಟೆಂಟ್ ಭಯ. ಕೋಡ್ ಹೊರಗೆ ಬಂದರೆ ಪ್ರತಿಸ್ಪರ್ಧಿಯ ವಕೀಲರು ಭೂತಗನ್ನಡಿ ಹಿಡಿದು ಕೂರುತ್ತಾರೆ. ಮೂರನೆಯದು ವ್ಯಾಪಾರದ ಗುಟ್ಟು. ಗ್ರಾಫಿಕ್ಸ್ ಚಿಪ್‌ಗಳ ವಿಷಯದಲ್ಲಂತೂ ವೇಗದ ಬಹುಪಾಲು ಜಾಣತನ ಡ್ರೈವರಿನಲ್ಲೇ ಅಡಗಿರುತ್ತದೆ. ವೈ-ಫೈ ಕಂಪನಿಗಳಿಗೆ ನಾಲ್ಕನೆಯ ಕಾರಣವೂ ಇತ್ತು. ರೇಡಿಯೋ ತರಂಗಗಳ ಶಕ್ತಿ ಮತ್ತು ಆವರ್ತನದ ಮೇಲೆ ಸರ್ಕಾರದ ನಿಯಮಗಳಿವೆ. ಬಳಕೆದಾರರು ಡ್ರೈವರ್ ತಿದ್ದಿ ಆ ಮಿತಿ ದಾಟಿದರೆ ತಮ್ಮ ಮೇಲೆ ಬರುತ್ತದೆಂದು ಅವರು ಅಂಜುತ್ತಿದ್ದರು.

ಬಳಕೆದಾರರ ಕಡೆಯಿಂದಲೂ ಮುಚ್ಚಿದ ಡ್ರೈವರಿಗೆ ಒಂದು ಒಳ್ಳೆಯ ವಾದವಿದೆ. ಇವತ್ತು ರಾತ್ರಿ ಕೆಲಸ ಮುಗಿಯಬೇಕಾದವನಿಗೆ ತತ್ತ್ವ ಬೇಡ, ಕೆಲಸ ಮಾಡುವ ಯಂತ್ರ ಬೇಕು. ಸಿನಿಮಾ ಅನಿಮೇಶನ್ ಮಾಡುವವರು, ವಿಜ್ಞಾನದ ದೊಡ್ಡ ಲೆಕ್ಕಗಳನ್ನು ಮಾಡುವವರು ವರ್ಷಗಟ್ಟಲೆ ಲಿನಕ್ಸ್‌ನಲ್ಲಿ ಮುಚ್ಚಿದ ಗ್ರಾಫಿಕ್ಸ್ ಡ್ರೈವರುಗಳನ್ನೇ ನೆಚ್ಚಿಕೊಂಡರು. ಅವು ವೇಗವಾಗಿದ್ದವು ಎಂಬುದೇ ಅದಕ್ಕೆ ಕಾರಣ.

ಆದರೆ ನಮ್ಮ ಆ ಡ್ರೈವರಿನ ಗತಿ ಏನಾಯಿತು? ಮೂರು ವರ್ಷಕ್ಕೆ ಕಂಪನಿ ಆ ಉತ್ಪನ್ನವನ್ನೇ ನಿಲ್ಲಿಸಿತು. ತಂಡ ಚದುರಿತು. ಆಮೇಲೂ ಎಷ್ಟೋ ತಿಂಗಳು ಬಳಕೆದಾರರ ಪತ್ರಗಳು ಬರುತ್ತಲೇ ಇದ್ದವು: ಹೊಸ ಕರ್ನೆಲ್‌ನಲ್ಲಿ ನಿಮ್ಮ ಕಾರ್ಡ್ ನಡೆಯುತ್ತಿಲ್ಲ, ದಯವಿಟ್ಟು ಏನಾದರೂ ಮಾಡಿ. ತಿದ್ದಲು ಬೇಕಾಗಿದ್ದದ್ದು ಅರ್ಧ ದಿನದ ಕೆಲಸ. ಮಾಡಲು ಬಲ್ಲವರಿಗೆ ಕೋಡ್ ಇರಲಿಲ್ಲ, ಕೋಡ್ ಇದ್ದವರಿಗೆ ಅದರ ಗೊಡವೆ ಇರಲಿಲ್ಲ. ಸಾವಿರಾರು ಕಾರ್ಡುಗಳು ಕೆಡದೇ ಸತ್ತವು. ನನಗೆ ಆ ಪತ್ರಗಳು ಇನ್ನೂ ನೆನಪಿವೆ.

ಲಿನಕ್ಸ್ ಮಂದಿ ಹೇಳುವುದು

ಈ ಸಾವಿನ ಕಾರಣ ಲಿನಕ್ಸ್‌ನ ರಚನೆಯಲ್ಲೇ ಇದೆ. ಎರಡು-ಎರಡೂವರೆ ತಿಂಗಳಿಗೊಮ್ಮೆ ಹೊಸ ಕರ್ನೆಲ್ ಬರುತ್ತದೆ. ಒಳಗಿನ ಏರ್ಪಾಡುಗಳು ಬದಲಾಗುತ್ತಲೇ ಇರುತ್ತವೆ. ಹಾಗೆ ಬದಲಿಸುವವರ ಮೇಲೆ ಒಂದು ಹೊಣೆಯಿದೆ: ಆ ಬದಲಾವಣೆಯಿಂದ ಕರ್ನೆಲ್‌ನೊಳಗಿನ ಯಾವ ಯಾವ ಡ್ರೈವರಿಗೆ ಪೆಟ್ಟಾಗುತ್ತದೋ ಅದನ್ನೆಲ್ಲ ಅವರೇ ತಿದ್ದಬೇಕು. ಮನೆಯೊಳಗೆ ಇರುವ ಡ್ರೈವರಿಗೆ ಈ ಆರೈಕೆ ತಾನಾಗಿ ಸಿಗುತ್ತದೆ. ಹೊರಗಿರುವ ಮುಚ್ಚಿದ ಡ್ರೈವರಿಗೆ ಸಿಗುವುದಿಲ್ಲ. ಅದನ್ನು ಕಂಪನಿಯೇ ಪ್ರತಿ ಸಲ ಹೊಂದಿಸಬೇಕು. ವಿಂಡೋಸ್‌ನಂತೆ ಡ್ರೈವರುಗಳಿಗೊಂದು ಬದಲಾಗದ ಬಾಗಿಲು ಇಡಬಾರದೇಕೆ ಎಂದು ಕಂಪನಿಗಳು ಕೇಳುತ್ತಲೇ ಬಂದಿವೆ. ಹಾಗೆ ಮಾಡಿದರೆ ಹಳೆಯ ತಪ್ಪುಗಳನ್ನೆಲ್ಲ ಶಾಶ್ವತವಾಗಿ ಹೊತ್ತುಕೊಂಡಿರಬೇಕಾಗುತ್ತದೆ ಎಂಬುದು ಕರ್ನೆಲ್ ತಂಡದ ಉತ್ತರ.

ಎರಡನೆಯ ವಾದ ನಂಬಿಕೆಯದು. ಡ್ರೈವರ್ ಕೆಲಸ ಮಾಡುವುದು ಯಂತ್ರದ ಗರ್ಭಗುಡಿಯಲ್ಲಿ. ಅಲ್ಲಿ ಒಂದು ತಪ್ಪಾದರೆ ಇಡೀ ವ್ಯವಸ್ಥೆ ಕುಸಿಯುತ್ತದೆ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ರಕ್ಷಣಾ ತಂತ್ರಾಂಶದ ಒಂದು ದೋಷಪೂರಿತ ನವೀಕರಣದಿಂದ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ಮುಗ್ಗರಿಸಿದವು. ವಿಮಾನ ನಿಲ್ದಾಣಗಳಲ್ಲಿ ನೆಲದ ಮೇಲೆ ಮಲಗಿದವರು ನಮ್ಮಲ್ಲೂ ಇರಬಹುದು. ಅದು ಲಿನಕ್ಸ್‌ನ ಘಟನೆಯಲ್ಲ, ಕೋಡ್ ಮುಕ್ತವಾಗಿದ್ದ ಮಾತ್ರಕ್ಕೆ ತಪ್ಪುತ್ತಿತ್ತೆಂದೂ ಹೇಳಲಾಗದು. ಆದರೆ ಗರ್ಭಗುಡಿಯೊಳಗೆ ಹೋದ ತಂತ್ರಾಂಶಕ್ಕೆ ಎಷ್ಟು ಅಧಿಕಾರವಿರುತ್ತದೆ ಎಂಬುದನ್ನು ಅದು ತೋರಿಸಿತು. ಮುಚ್ಚಿದ ಡ್ರೈವರ್ ಒಳಹೊಕ್ಕರೆ ಲಿನಕ್ಸ್ ತನ್ನನ್ನು ತಾನೇ "ಟೇಂಟೆಡ್", ಎಂದರೆ ಮೈಲಿಗೆಯಾಯಿತು, ಎಂದು ಗುರುತು ಹಾಕಿಕೊಳ್ಳುತ್ತದೆ. ಮಡಿಯ ಅಹಂಕಾರ ಎಂದು ನಗಬೇಡಿ. ಒಳಗೇನಿದೆಯೆಂದು ಕಾಣದಿದ್ದರೆ ದೋಷ ಎಲ್ಲಿದೆಯೆಂದು ಹುಡುಕುವುದು ಹೇಗೆ ಎಂಬ ಸರಳ ಕಾರಣ ಅದು.

ಕಂಪನಿಗಳನ್ನು ಬೈದು ಸುಮ್ಮನಿರಲಿಲ್ಲ ಎಂಬುದನ್ನೂ ಹೇಳಬೇಕು. 2007ರ ಜನವರಿಯಲ್ಲಿ ಕರ್ನೆಲ್ ತಂಡದ ಹಿರಿಯರಲ್ಲೊಬ್ಬರಾದ ಗ್ರೆಗ್ ಕ್ರೋ-ಹಾರ್ಟ್‌ಮನ್ ಎಲ್ಲ ಕಂಪನಿಗಳಿಗೂ ಒಂದು ಬಹಿರಂಗ ಆಹ್ವಾನ ಕೊಟ್ಟರು: ನಿಮ್ಮ ಚಿಪ್‌ನ ವಿವರಗಳನ್ನು ಕೊಡಿ, ನಾವು ಪುಕ್ಕಟೆಯಾಗಿ ಡ್ರೈವರ್ ಬರೆದು, ಮುಂದೆಯೂ ನೋಡಿಕೊಳ್ಳುತ್ತೇವೆ. 2008ರಲ್ಲಿ ನೂರಕ್ಕೂ ಹೆಚ್ಚು ಕರ್ನೆಲ್ ಬರಹಗಾರರು ಮುಚ್ಚಿದ ಡ್ರೈವರುಗಳು ಹಾನಿಕರವೆಂದು ಒಟ್ಟಾಗಿ ಸಹಿ ಹಾಕಿದ ಹೇಳಿಕೆ ಹೊರಬಂತು. ಅದೇ ವರ್ಷ ವೈ-ಫೈ ಚಿಪ್ ಮಾಡುವ ಅಥೆರೋಸ್, 2010ರಲ್ಲಿ ಬ್ರಾಡ್‌ಕಾಮ್ ಮುಕ್ತ ಡ್ರೈವರುಗಳನ್ನು ಕೊಟ್ಟವು. ಅದಕ್ಕೆ ಮೊದಲು ವಿಂಡೋಸ್‌ನ ವೈ-ಫೈ ಡ್ರೈವರನ್ನೇ ಲಿನಕ್ಸ್‌ನೊಳಗೆ ಕೂರಿಸುವ ಸರ್ಕಸ್ಸನ್ನು ನಾವು ಕೆಲವರು ಮಾಡಿದ್ದುಂಟು; ಅದು ಬೇಡ, ನೆನಸಿಕೊಂಡರೆ ತಲೆನೋವು ಬರುತ್ತದೆ.

ಎರಡು ಕಂಪನಿ, ಎರಡು ದಾರಿ

ಜಗಳದ ನಿಜವಾದ ಕಣ ಗ್ರಾಫಿಕ್ಸ್. ಎ.ಎಂ.ಡಿ. ಕಂಪನಿ 2006ರಲ್ಲಿ ರೇಡಿಯಾನ್ ಚಿಪ್‌ಗಳ ಎ.ಟಿ.ಐ.ಯನ್ನು ಕೊಂಡಿತು. ಮರುವರ್ಷ ಸೆಪ್ಟೆಂಬರಿನಲ್ಲಿ ಚಿಪ್‌ಗಳ ತಾಂತ್ರಿಕ ದಾಖಲೆಗಳನ್ನು ಬಿಡುಗಡೆ ಮಾಡುತ್ತೇವೆಂದು ಸಾರಿತು. ಮೊದಲ ಕೆಲವು ವರ್ಷ ಮುಕ್ತ ಡ್ರೈವರ್ ನಿಧಾನವಾಗಿಯೇ ಇತ್ತು, ವೇಗ ಬೇಕಾದವರು ಗೊಣಗುತ್ತಲೇ ಇದ್ದರು. 2015ರಲ್ಲಿ ಎ.ಎಂ.ಡಿ.ಜಿ.ಪಿ.ಯು. ಎಂಬ ಹೊಸ ಮುಕ್ತ ಡ್ರೈವರ್ ಕರ್ನೆಲ್ ಸೇರಿತು. 2022ರಲ್ಲಿ ಬಂದ ಸ್ಟೀಮ್ ಡೆಕ್ ಎಂಬ ಆಟದ ಯಂತ್ರ ನಿಮ್ಮ ಮಕ್ಕಳ ಕೈಯಲ್ಲಿದ್ದರೆ, ಅದರೊಳಗೆ ಓಡುತ್ತಿರುವುದು ಲಿನಕ್ಸ್ ಮತ್ತು ಈ ಮುಕ್ತ ಡ್ರೈವರುಗಳೇ.

ಎನ್ವಿಡಿಯಾ ಮುಚ್ಚಿದ ದಾರಿಯಲ್ಲೇ ಉಳಿಯಿತು. ಅದರ ಡ್ರೈವರ್ ವೇಗವಾಗಿತ್ತು, ಹೊಸ ಚಿಪ್‌ಗಳಿಗೆ ಬೇಗ ಬರುತ್ತಿತ್ತು. ಸ್ವಯಂಸೇವಕರು ಯಾವ ದಾಖಲೆಯೂ ಇಲ್ಲದೆ, ಚಿಪ್ ಏನು ಮಾಡುತ್ತದೆಂದು ಹೊರಗಿನಿಂದ ಗಮನಿಸಿ ಗಮನಿಸಿ, ನೂವೋ ಎಂಬ ಮುಕ್ತ ಡ್ರೈವರ್ ಬರೆದರು. 2010ರಲ್ಲಿ ಅದು ಕರ್ನೆಲ್‌ನಲ್ಲಿ ಬಂತು. 2012ರಲ್ಲಿ ಫಿನ್ಲೆಂಡಿನ ಆಲ್ಟೋ ವಿಶ್ವವಿದ್ಯಾಲಯದ ಸಭೆಯೊಂದರಲ್ಲಿ ಟೊರ್ವಾಲ್ಡ್ಸ್ ಕ್ಯಾಮೆರಾದ ಕಡೆ ತಿರುಗಿ ಎನ್ವಿಡಿಯಾಕ್ಕೆ ಬೆರಳು ತೋರಿಸಿ ಬೈದದ್ದು ಜಗತ್ತೆಲ್ಲ ನೋಡಿತು. ಯಾವ ಬೆರಳು ಎಂದು ಮಕ್ಕಳಿಗೆ ವಿವರಿಸುವುದು ಬೇಡ. ಹತ್ತು ವರ್ಷಗಳ ನಂತರ, 2022ರ ಮೇ ತಿಂಗಳಲ್ಲಿ, ಅದೇ ಕಂಪನಿ ತನ್ನ ಡ್ರೈವರಿನ ಕರ್ನೆಲ್ ಭಾಗದ ಸೋರ್ಸ್ ಕೋಡನ್ನು ಬಿಡುಗಡೆ ಮಾಡಿತು. 2025ರಲ್ಲಿ ಬಂದ ಬ್ಲ್ಯಾಕ್‌ವೆಲ್ ಕಾರ್ಡುಗಳಿಗಂತೂ ಕರ್ನೆಲ್ ಭಾಗದಲ್ಲಿ ಕಂಪನಿ ಕೊಡುವುದು ಈ ಮುಕ್ತ ಡ್ರೈವರ್ ಮಾತ್ರ.

ಹಾಗಾದರೆ ಜಗಳ ಮುಗಿಯಿತೇ? ಅರ್ಧ ಮುಗಿಯಿತು. ಗುಟ್ಟಿನ ದೊಡ್ಡ ಪಾಲು ಚಿಪ್‌ನ ಒಳಗೇ ಇರುವ ಇನ್ನೊಂದು ಪುಟ್ಟ ಸಂಸ್ಕಾರಕಕ್ಕೆ, ಅಂದರೆ ಅದರಲ್ಲಿ ಓಡುವ ಫರ್ಮ್‌ವೇರ್‌ಗೆ ಸ್ಥಳಾಂತರವಾಗಿದೆ. ಅದು ಮುಚ್ಚಿದೆ. ಡ್ರೈವರಿನ ಮೇಲುಭಾಗವಾದ ಚಿತ್ರ ಮೂಡಿಸುವ, ಲೆಕ್ಕ ಮಾಡುವ ತಂತ್ರಾಂಶವೂ ಮುಚ್ಚಿದೆ. ಎ.ಎಂ.ಡಿ.ಯ ಚಿಪ್‌ಗಳಿಗೂ ಮುಚ್ಚಿದ ಫರ್ಮ್‌ವೇರ್ ಬೇಕೇ ಬೇಕು. ಅಂದರೆ ಬೀಗ ಹೋಗಲಿಲ್ಲ, ಹೊರಬಾಗಿಲಿನಿಂದ ಒಳಕೋಣೆಗೆ ಸರಿಯಿತು. ತತ್ತ್ವನಿಷ್ಠೆಗೆ ಹೆಸರಾದ ಡೆಬಿಯನ್ ಲಿನಕ್ಸ್ ತಂಡದವರು ಕೂಡ ಇದಕ್ಕೆ ಮಣಿದರು. 2022ರಲ್ಲಿ ಮತ ಹಾಕಿ, ಮುಕ್ತವಲ್ಲದ ಫರ್ಮ್‌ವೇರನ್ನೂ ಅನುಸ್ಥಾಪನೆಯ ಜೊತೆಗೇ ಕೊಡಲು ಒಪ್ಪಿದರು. 2023ರ ಡೆಬಿಯನ್ 12ರಲ್ಲಿ ಅದು ಜಾರಿಗೆ ಬಂತು. ವೈ-ಫೈ ಇಲ್ಲದೆ ಪರದಾಡುವ ಹೊಸಬರನ್ನು ಬಾಗಿಲಲ್ಲೇ ನಿಲ್ಲಿಸಿ ಏನು ಸಾಧಿಸಿದಂತಾಯಿತು ಎಂಬ ವಾದ ಗೆದ್ದಿತು. ನನಗೆ ಅದು ಸರಿಯೆಂದೇ ತೋರುತ್ತದೆ.

ಆಯುಸ್ಸಿನ ಲೆಕ್ಕ

ಈ ಎರಡು ದಾರಿಗಳ ಫಲ ಕಾಣಬೇಕಾದರೆ ಹಳೆಯ ಕಾರ್ಡುಗಳನ್ನು ನೋಡಬೇಕು. 2002ರಲ್ಲಿ ಬಂದ ರೇಡಿಯಾನ್ 9700 ಕಾರ್ಡಿಗೆ ಲಿನಕ್ಸ್‌ನಲ್ಲಿ ಇವತ್ತಿಗೂ ಮುಕ್ತ ಡ್ರೈವರ್ ಇದೆ. ಅದನ್ನು ಮಾಡಿದ ಎ.ಟಿ.ಐ. ಎಂಬ ಕಂಪನಿಯೇ ಈಗಿಲ್ಲ, ಅದರ ಕಾರ್ಡಿಗೆ ದುಭಾಷಿ ಇನ್ನೂ ಇದ್ದಾನೆ. ಎನ್ವಿಡಿಯಾದ 2006ರ ನಂತರದ ಜೀಫೋರ್ಸ್ 8 ಸರಣಿಯ ಕಾರ್ಡುಗಳ ಮುಚ್ಚಿದ ಡ್ರೈವರಿಗೆ ಕಂಪನಿಯ ಬೆಂಬಲ 2019ರ ಕೊನೆಗೆ ನಿಂತಿತು. 2010ರಲ್ಲಿ ಬಂದ ಫರ್ಮಿ ತಲೆಮಾರಿನದು 2022ರ ಕೊನೆಗೆ ನಿಂತಿತು. ಆ ಕಾರ್ಡುಗಳಿಗೆ ಈಗ ಆಸರೆ, ಸ್ವಯಂಸೇವಕರು ಕತ್ತಲಲ್ಲಿ ತಡಕಾಡಿ ಬರೆದ ಆ ನೂವೋ ಡ್ರೈವರೇ. ವೇಗ ಕಡಿಮೆ, ಆದರೆ ಪರದೆಯ ಮೇಲೆ ಚಿತ್ರ ಬರುತ್ತದೆ.

ಕಂಪನಿ ಹನ್ನೆರಡು-ಹದಿಮೂರು ವರ್ಷ ನೋಡಿಕೊಂಡದ್ದು ಕಡಿಮೆಯಲ್ಲ ಎನ್ನಬಹುದು, ಒಪ್ಪುತ್ತೇನೆ. ಮುಕ್ತ ಡ್ರೈವರುಗಳೂ ಚಿರಂಜೀವಿಗಳಲ್ಲ. ಬಳಸುವವರು, ನೋಡಿಕೊಳ್ಳುವವರು ಇಲ್ಲವಾದರೆ ಅವನ್ನೂ ಕರ್ನೆಲ್‌ನಿಂದ ತೆಗೆಯುತ್ತಾರೆ. ಟೊರ್ವಾಲ್ಡ್ಸ್ ಮೊದಲ ಲಿನಕ್ಸ್ ಬರೆದದ್ದು 386 ಸಂಸ್ಕಾರಕದ ಯಂತ್ರದ ಮೇಲೆ. ಆ 386ರ ಬೆಂಬಲವನ್ನೇ 2012ರ ಡಿಸೆಂಬರಿನಲ್ಲಿ ಕಿತ್ತುಹಾಕಿದರು. ವ್ಯತ್ಯಾಸವಿರುವುದು ಇಲ್ಲಿ. ಮುಕ್ತ ಡ್ರೈವರ್ ಸಾಯುವುದು ಯಾರಿಗೂ ಬೇಡವಾದಾಗ. ಮುಚ್ಚಿದ ಡ್ರೈವರ್ ಸಾಯುವುದು ಒಬ್ಬರಿಗೆ ಬೇಡವಾದಾಗ.

ನಾವೇನು ಮಾಡಬಹುದು?

ಮನೆಗೆ ಪ್ರಿಂಟರ್, ಸ್ಕ್ಯಾನರ್, ಲ್ಯಾಪ್‌ಟಾಪ್ ಕೊಳ್ಳುವಾಗ ಬೆಲೆ ಮತ್ತು ಬಣ್ಣದ ಜೊತೆಗೆ ಇನ್ನೊಂದು ಪ್ರಶ್ನೆ ಕೇಳಿ: ಇದು ಲಿನಕ್ಸ್‌ನಲ್ಲಿ, ಬೇರೇನನ್ನೂ ಸೇರಿಸದೆ, ನಡೆಯುತ್ತದೆಯೇ? ನೀವು ಲಿನಕ್ಸ್ ಬಳಸದಿದ್ದರೂ ಕೇಳಿ. ನಡೆಯುತ್ತದೆ ಎಂದರೆ ಆ ಯಂತ್ರಕ್ಕೆ ಕಂಪನಿಯ ಇಚ್ಛೆಯನ್ನು ಮೀರಿದ ಎರಡನೆಯ ಆಯುಸ್ಸು ಇದೆ ಎಂದರ್ಥ. ಕೊಳ್ಳುವ ಮೊದಲು, ಅಥವಾ ಹಳೆಯದನ್ನು ಊರಿಗೆ ಒಯ್ಯುವ ಮೊದಲು, ಲಿನಕ್ಸ್ ತುಂಬಿದ ಯು.ಎಸ್.ಬಿ. ಕಡ್ಡಿಯೊಂದನ್ನು ಸಿಕ್ಕಿಸಿ ಹಾಗೇ ಚಾಲೂ ಮಾಡಿ ನೋಡಬಹುದು. ಒಳಗಿನ ಡಿಸ್ಕಿಗೆ ಏನೂ ಆಗುವುದಿಲ್ಲ. ವೈ-ಫೈ, ಶಬ್ದ, ಪರದೆ ಮೂರೂ ಸರಿಯಿದ್ದರೆ ಸಾಕು. ನಾನು ಮೂರರಲ್ಲಿ ಎರಡನ್ನು ಪರೀಕ್ಷಿಸಿ, ಮೂರನೆಯದೂ ಹಾಗೇ ಇರುತ್ತದೆಂದು ಸೋಮಾರಿತನ ಮಾಡಿದ್ದೆ.

ಇನ್ನೊಂದು ಮಾತು ನಮ್ಮಲ್ಲಿ ಚಿಪ್ ಮತ್ತು ತಂತ್ರಾಂಶ ಕಂಪನಿಗಳಲ್ಲಿ ಕೆಲಸ ಮಾಡುವವರಿಗೆ. ಉತ್ಪನ್ನವೊಂದನ್ನು ನಿಲ್ಲಿಸುವ ಸಭೆಯಲ್ಲಿ ನೀವು ಕೂತಿದ್ದರೆ, ಅದರ ವಿವರಗಳನ್ನಾದರೂ ಬಿಡುಗಡೆ ಮಾಡೋಣವೇ ಎಂದು ಒಮ್ಮೆ ಕೇಳಿ. ಆಗುವುದಿಲ್ಲ ಎಂಬ ಉತ್ತರವೇ ಬರಬಹುದು. ನಾನು ಒಂದು ಸಲ ಕೇಳಿ ಸುಮ್ಮನಾದೆ. ಎರಡನೆಯ ಸಲ ಕೇಳಬೇಕಾಗಿತ್ತು ಎಂದು ಈಗ ಅನ್ನಿಸುತ್ತದೆ.

ಶಾಲೆಯ ಕತೆ ಬಾಕಿ ಇತ್ತಲ್ಲ. ನಾವು ಮರಳಿ ಬಂದ ಎರಡು ತಿಂಗಳಿಗೆ ಮೇಷ್ಟ್ರ ಫೋನು ಬಂತು. "ಸಾರ್, ಅದೇನೋ ಅಪ್‌ಡೇಟ್ ಅಂತು, ಹೂಂ ಅಂದೆ. ಆ ಮೂರನೇದರಲ್ಲಿ ಮತ್ತೆ ವೈ-ಫೈ ಹೋಯ್ತು." ಹೊಸ ಕರ್ನೆಲ್ ಬಂದಿತ್ತು, ಕಂಪನಿಯ ಹಳೆಯ ಡ್ರೈವರ್ ಅದಕ್ಕೆ ಹೊಂದಲಿಲ್ಲ. ಕಂಪನಿ ಅದನ್ನು ಮುಟ್ಟಿ ವರ್ಷಗಳೇ ಆಗಿದ್ದವು. ಪಕ್ಕದಲ್ಲಿದ್ದ ಎರಡು ಯಂತ್ರಗಳು ಅದೇ ನವೀಕರಣವನ್ನು ಪಡೆದು ಏನೂ ಆಗದವರಂತೆ ಕೆಲಸ ಮಾಡುತ್ತಿದ್ದವು. ಕರ್ನೆಲ್‌ನೊಳಗೇ ಮುಕ್ತ ಡ್ರೈವರ್ ಇರುವ ಚಿಪ್‌ನ ಹೆಸರು ಬರೆದು ಕಳಿಸಿದೆ. ಮೇಷ್ಟ್ರು ಪೇಟೆಗೆ ಹೋದಾಗ ಆ ಚಿಪ್ ಇರುವ, ಹೆಬ್ಬೆರಳ ಉಗುರಿನಷ್ಟು ಗಾತ್ರದ ಯು.ಎಸ್.ಬಿ. ವೈ-ಫೈ ಕಡ್ಡಿ ತಂದು ಸಿಕ್ಕಿಸಿದರು. ಕೂಡಲೇ ಬಂತು.

"ಇದಕ್ಕೇನೂ ಇಳಿಸೋದು ಬೇಡವಾ ಸಾರ್?" ಎಂದರು.

"ಬೇಡ ಮೇಷ್ಟ್ರೇ, ಇದರ ಬೀಗದ ಕೈ ಮನೆಯೊಳಗೇ ಇದೆ" ಎಂದೆ.